ಮೇಣದಲ್ಲಿ ಉಳಿದ ದನಿ: ವೊಲಸ್ತೊಕ್ವೆಯ್ ಭಾಷೆ, ಒಬ್ಬ ಹಾಡುಗಾರ ಮತ್ತು ಸಭೆಯ ಸಾಲ

ಕೆನಡಾದ ಪೂರ್ವ ಭಾಗದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಹರಿದು ಫಂಡಿ ಕೊಲ್ಲಿಯನ್ನು ಸೇರುವ ನದಿಯನ್ನು ಭೂಪಟಗಳು ಸೇಂಟ್ ಜಾನ್ ಎಂದು ಕರೆಯುತ್ತವೆ. 1604ರ ಜೂನ್ 24ರಂದು, ಸ್ನಾನಿಕನಾದ ಯೋಹಾನನ ಹಬ್ಬದ ದಿನ, ಶಾಂಪ್ಲೇನ್ ಮೊದಲಾದ ಫ್ರೆಂಚರಿದ್ದ ಹಡಗು ಆ ನದಿಯ ಅಳಿವೆಯನ್ನು ತಲಪಿತು. ಹೆಸರಿಗೆ ಅಷ್ಟೇ ಕಾರಣ. ಅದಕ್ಕೂ ಮೊದಲೇ ನದಿಗೆ ಹೆಸರಿತ್ತು. ಅದರ ದಡದಲ್ಲಿ ಬಾಳಿದವರು ಅದನ್ನು ವೊಲಸ್ತೊಕ್, ಅಂದರೆ ಚೆಲುವಾದ ನದಿ, ಎಂದು ಕರೆದರು. ತಮ್ಮನ್ನು ವೊಲಸ್ತೊಕ್ವಿಯಿಕ್, ಆ ನದಿಯ ಜನ, ಎಂದುಕೊಂಡರು. ಗ್ರಂಥಗಳಲ್ಲಿ ಬಹುಕಾಲ ಅವರಿಗಿದ್ದ ಮಾಲಿಸೀಟ್ ಎಂಬ ಹೆಸರು ನೆರೆಯ ಮಿಕ್‌ಮಾಕ್ ಜನರು ಕೊಟ್ಟದ್ದು; ತಡವರಿಸಿ ಮಾತನಾಡುವವರು ಎಂಬುದು ಅದರ ಭಾವ. ಹೊರಗಿನವರು ತಮ್ಮ ಕಿವಿಯ ದೋಷವನ್ನು ಇನ್ನೊಬ್ಬರ ನಾಲಗೆಯ ಮೇಲೆ ಹೊರಿಸುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದಿರುವ ಸಂಗತಿ.

ಈ ಜನರ ಭಾಷೆಯನ್ನು ನಿರರ್ಗಳವಾಗಿ ಆಡಬಲ್ಲವರು ನೂರಕ್ಕಿಂತ ಕಡಿಮೆ ಎಂಬ ಮಾತು ಕೇಳಿಬರುತ್ತಿದ್ದ ಕಾಲದಲ್ಲಿ, 2018ರಲ್ಲಿ, ಜೆರೆಮಿ ಡಚರ್ ಎಂಬ ತರುಣ ಹಾಡುಗಾರರು ತಮ್ಮ ಮೊದಲ ಗೀತಸಂಪುಟವನ್ನು ಹೊರತಂದರು. ಅದರ ಹೆಸರು ‘ವೊಲಸ್ತೊಕ್ವಿಯಿಕ್ ಲಿಂತುವಾಕೊನಾವ’, ಅಂದರೆ ವೊಲಸ್ತೊಕ್ ಜನರ ಹಾಡುಗಳು. ಅದೇ ವರ್ಷ ಆ ಸಂಪುಟಕ್ಕೆ ಕೆನಡಾದ ಪೊಲಾರಿಸ್ ಸಂಗೀತ ಪ್ರಶಸ್ತಿ ದೊರೆಯಿತು. ಡಚರ್ 1990ರಲ್ಲಿ ಹುಟ್ಟಿದವರು, ಅದೇ ನದಿಯ ದಡದ ಟೊಬೀಕ್ ಸಮುದಾಯಕ್ಕೆ ಸೇರಿದವರು. ಹ್ಯಾಲಿಫ್ಯಾಕ್ಸ್‌ನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನೂ ಮಾನವಶಾಸ್ತ್ರವನ್ನೂ ಓದಿದ ಅವರದು ಯುರೋಪಿನ ಆಪೆರಾ ಪದ್ಧತಿಯಲ್ಲಿ ಪಳಗಿದ ಕಂಠ.

ದೇವಶಾಸ್ತ್ರದ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಈ ಭಾಷೆಯನ್ನು ಅಕ್ಷರಕ್ಕಿಳಿಸಿದ ಮೊದಲಿಗರಲ್ಲಿ ಸಭೆಯ ಸೇವಕರಿದ್ದರು. ಮಕ್ಕಳ ಬಾಯಿಂದ ಈ ಭಾಷೆಯನ್ನು ಕಿತ್ತವರಲ್ಲಿಯೂ ಅವರಿದ್ದರು. ಈ ಎರಡನ್ನೂ ಒಂದೇ ಕಥೆಯಾಗಿ ಓದುವ ಅಭ್ಯಾಸ ನಮಗೆ ಕಡಿಮೆ. ಮಿಷನರಿ ಚರಿತ್ರೆಯನ್ನು ಬರೆಯುವಾಗ ವ್ಯಾಕರಣ, ನಿಘಂಟು, ಸತ್ಯವೇದದ ಭಾಷಾಂತರಗಳನ್ನು ಎಣಿಸಿ ತೃಪ್ತರಾಗುತ್ತೇವೆ. ಆ ಭಾಷೆಯನ್ನಾಡಿದವರ ಮೊಮ್ಮಕ್ಕಳು ಇಂದು ಯಾವ ಭಾಷೆಯಲ್ಲಿ ಅಳುತ್ತಾರೆ, ಯಾವ ಭಾಷೆಯಲ್ಲಿ ಹಾಡುತ್ತಾರೆ ಎಂದು ಕೇಳುವುದಿಲ್ಲ.

ಆ ತೀರದಲ್ಲಿ ನಡೆದ ಮೊದಲ ದೊಡ್ಡ ದೀಕ್ಷಾಸ್ನಾನವೂ ಜೂನ್ 24ರಂದೇ ನಡೆಯಿತು, 1610ರಲ್ಲಿ. ಪೋರ್ಟ್ ರಾಯಲ್ ಎಂಬ ಫ್ರೆಂಚ್ ನೆಲೆಯಲ್ಲಿ ಜೆಸ್ಸೆ ಫ್ಲೆಷೆ ಎಂಬ ಪಾದ್ರಿಯು ಮಿಕ್‌ಮಾಕ್ ನಾಯಕ ಮೆಂಬರ್ತೂವಿಗೂ ಅವನ ಮನೆಯವರಿಗೂ ದೀಕ್ಷಾಸ್ನಾನ ಕೊಟ್ಟರು. ಪಾದ್ರಿಗೆ ಅವರ ಭಾಷೆ ಬಾರದು. ಅವರಿಗೆ ಪಾದ್ರಿಯ ಭಾಷೆ ಬಾರದು. ಮರುವರ್ಷ ಬಂದ ಯೇಸುಸಭೆಯ ಪಿಯೆರ್ ಬಿಯಾರ್ ಇದನ್ನು ಕಂಡು ಕಳವಳಗೊಂಡರು. ದೀಕ್ಷೆ ಪಡೆದವರು ತಾವು ಏನನ್ನು ಸ್ವೀಕರಿಸಿದೆವು ಎಂಬುದನ್ನು ಹೇಳಲಾರದವರಾಗಿದ್ದರು. ಭಾಷೆ ಕಲಿತು ಉಪದೇಶಿಸದೆ ಯಾರಿಗೂ ಸ್ನಾನ ಮಾಡಿಸಕೂಡದೆಂದು ಬಿಯಾರ್ ಮತ್ತು ಅವರ ಜೊತೆಗಾರ ಮಾಸ್ಸೆ ನಿರ್ಧರಿಸಿದರು. ಈ ನಿರ್ಧಾರವನ್ನು ನಾವು ಇಂದಿಗೂ ಗೌರವದಿಂದ ನೆನೆಯಬೇಕು.

ಆದರೆ ಭಾಷೆ ಸುಲಭವಾಗಿ ಕೈಗೆ ಸಿಕ್ಕಲಿಲ್ಲ. ಕಲ್ಲು, ನದಿ, ಮೀನು, ಮರಗಳನ್ನು ಬೆರಳು ಮಾಡಿ ಕೇಳಬಹುದು; ವಿಶ್ವಾಸ, ಕೃಪೆ, ಸಂಸ್ಕಾರಗಳನ್ನು ಯಾವ ಬೆರಳಿನಿಂದ ತೋರಿಸುವುದು? ಕಲಿಸಲು ಕುಳಿತವರು ಕೆಲವೊಮ್ಮೆ ವಿನೋದಕ್ಕಾಗಿ ಅಶ್ಲೀಲ ಪದಗಳನ್ನು ಹೇಳಿಕೊಡುತ್ತಿದ್ದರೆಂದೂ, ತಾವು ಅವನ್ನೇ ಸುವಾರ್ತೆಯ ವಾಕ್ಯಗಳೆಂದು ನಂಬಿ ಸಾರುತ್ತಿದ್ದೆವೆಂದೂ ಬಿಯಾರ್ ತಮ್ಮ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮಿಷನ್ ವರದಿಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. ನಗುವವರು ಯಾರು, ನಗೆಗೀಡಾಗುವವರು ಯಾರು ಎಂಬುದು ಆಗ ಇನ್ನೂ ತೀರ್ಮಾನವಾಗಿರಲಿಲ್ಲ. ಕಲಿಸುವ ಅಧಿಕಾರವಿನ್ನೂ ಆ ನೆಲದವರ ಕೈಯಲ್ಲಿತ್ತು.

ಅದೇ ಬಿಯಾರ್ ಮೆಂಬರ್ತೂವಿನ ಒಂದು ಪ್ರಶ್ನೆಯನ್ನೂ ದಾಖಲಿಸಿದ್ದಾರೆ. ಕರ್ತನ ಪ್ರಾರ್ಥನೆಯಲ್ಲಿ ದಿನದಿನದ ರೊಟ್ಟಿಯನ್ನು ಬೇಡುವ ಭಾಗ ಬಂದಾಗ, ರೊಟ್ಟಿಯೊಂದನ್ನೇ ಬೇಡಿದರೆ ಕಡವೆಯ ಮಾಂಸವೂ ಮೀನೂ ಇಲ್ಲದೆ ಹೋದೀತಲ್ಲವೇ ಎಂದು ಆ ಮುದುಕ ಕೇಳಿದನಂತೆ. ಇದನ್ನು ಹಾಸ್ಯವೆಂದು ಓದುವವರಿದ್ದಾರೆ. ನಮಗೆ ಅದು ಭಾಷಾಂತರಶಾಸ್ತ್ರದ ಗಂಭೀರ ಪ್ರಶ್ನೆಯಾಗಿ ಕಾಣುತ್ತದೆ. ನಮ್ಮ ಕನ್ನಡದ ಸತ್ಯವೇದ ಆ ಸ್ಥಳದಲ್ಲಿ ರೊಟ್ಟಿಯೆನ್ನದೆ ಆಹಾರ ಎನ್ನುತ್ತದೆ. ಅನ್ನವುಣ್ಣುವ ಮನೆಯಲ್ಲಿಯೂ ಮುದ್ದೆಯುಣ್ಣುವ ಮನೆಯಲ್ಲಿಯೂ ಆ ಪ್ರಾರ್ಥನೆ ತಡೆಯಿಲ್ಲದೆ ನಡೆಯುವುದಕ್ಕೆ ಅದು ಕಾರಣ. ಮೆಂಬರ್ತೂ ಕೇಳಿದ್ದು ಅಷ್ಟನ್ನೇ.

ಮುಂದಿನ ಎರಡೂವರೆ ಶತಮಾನಗಳನ್ನು ಇಲ್ಲಿ ಬೇಗ ದಾಟಬೇಕಾಗಿದೆ. ಆ ಪ್ರದೇಶದ ಮೂಲನಿವಾಸಿಗಳು ಬಹುಮಟ್ಟಿಗೆ ಕಥೋಲಿಕರಾದರು. ಇಟಲಿಯಿಂದ ಬಂದ ಯೂಜೀನ್ ವೆಟ್ರೊಮಿಲೆ 1856ರಲ್ಲಿ ಅವರ ಹಲವು ನುಡಿಗಳ ಪ್ರಾರ್ಥನೆಗಳಿರುವ ಪುಸ್ತಕವನ್ನು ನ್ಯೂಯಾರ್ಕಿನಲ್ಲಿ ಅಚ್ಚು ಹಾಕಿಸಿದರು. ನೋವಾ ಸ್ಕೋಶಿಯದ ಬ್ಯಾಪ್ಟಿಸ್ಟ್ ಬೋಧಕ ಸೈಲಸ್ ರ‍್ಯಾಂಡ್ ಮಿಕ್‌ಮಾಕ್ ಭಾಷೆಯಲ್ಲಿ ನಲವತ್ತು ವರ್ಷ ದುಡಿದರು. 1870ರಲ್ಲಿ ಯೋಹಾನನ ಸುವಾರ್ತೆಯನ್ನು ಮಾಲಿಸೀಟ್ ಭಾಷೆಯಲ್ಲಿ ಪ್ರಕಟಿಸಿದರು. ಅವರ ಉಪದೇಶದಿಂದ ಬ್ಯಾಪ್ಟಿಸ್ಟರಾದವರು ಬಹು ವಿರಳ. ಆದರೆ ಅವರು ಬರೆದಿಟ್ಟುಕೊಂಡ ಜನರ ಕಥೆಗಳು ಅವರ ಮರಣಾನಂತರ 1894ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿವೆ. ಆತ್ಮಗಳನ್ನು ಗೆಲ್ಲಲು ಹೊರಟವರು ಕಥೆಗಳನ್ನು ಉಳಿಸಿ ಹೋದರು. ಕರ್ನಾಟಕದಲ್ಲಿ ಕಿಟ್ಟೆಲರ ನಿಘಂಟನ್ನು (1894) ಕಂಡ ನಮಗೆ ಈ ವಿಚಿತ್ರ ಹೊಸದಲ್ಲ. ಎರಡು ಗ್ರಂಥಗಳಿಗೂ ಒಂದೇ ವರ್ಷ ಎಂಬುದು ಕೇವಲ ಆಕಸ್ಮಿಕ.

ಈ ಭಾಷೆಯ ಒಂದು ವ್ಯಾಕರಣಾಂಶವನ್ನು ಇಲ್ಲಿ ವಿವರಿಸದಿರಲಾರೆವು. ಅದರಲ್ಲಿ ‘ನಾವು’ ಎಂಬುದಕ್ಕೆ ಎರಡು ಪದಗಳಿವೆ. ‘ಕಿಲುನ್’ ಎಂದರೆ ಕೇಳುತ್ತಿರುವ ನೀನೂ ಸೇರಿದ ನಾವು. ‘ನಿಲುನ್’ ಎಂದರೆ ನಿನ್ನನ್ನು ಬಿಟ್ಟು ನಾವು. ಕನ್ನಡದ ‘ನಾವು’ ಈ ಭೇದವನ್ನು ತೋರಿಸದು. ತುಳುವಿನಲ್ಲಿ ‘ನಮ’ ಎಂದೂ ‘ಎಂಕುಲು’ ಎಂದೂ ಅದು ಸ್ಪಷ್ಟವಾಗಿದೆ. 1847ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ತುಳು ಹೊಸ ಒಡಂಬಡಿಕೆಯನ್ನು ಹೊರತರುವಾಗ ಪತ್ರಿಕೆಗಳ ಪ್ರತಿ ಪುಟದಲ್ಲಿಯೂ ಈ ಆಯ್ಕೆ ಎದುರಾಗಿರಲೇಬೇಕು. ದೇವರನ್ನು ಕುರಿತು ‘ನಮ್ಮ ತಂದೆಯೇ’ ಎನ್ನುವಾಗ, ಕೇಳುವವನಾದ ದೇವರನ್ನು ಬಿಟ್ಟ ‘ನಾವು’ ಬೇಕು. ಇಬ್ಬರು ವಿಶ್ವಾಸಿಗಳು ಒಬ್ಬರಿಗೊಬ್ಬರು ‘ನಮ್ಮ ತಂದೆ’ ಎಂದುಕೊಳ್ಳುವಾಗ ಸೇರಿಸಿಕೊಳ್ಳುವ ‘ನಾವು’ ಬೇಕು. ಪೌಲನು ‘ನಾವು’ ಎಂದಾಗಲೆಲ್ಲ ಯೆಹೂದ್ಯರನ್ನು ಮಾತ್ರ ಹೇಳುತ್ತಿದ್ದಾನೆಯೋ, ಓದುವ ಅನ್ಯಜನರನ್ನೂ ಸೇರಿಸಿಕೊಂಡಿದ್ದಾನೆಯೋ ಎಂದು ಗ್ರೀಕ್ ಓದುವವರು ಮುಂದೂಡಬಹುದಾದ ಪ್ರಶ್ನೆಯನ್ನು ಈ ಭಾಷೆಗಳ ಭಾಷಾಂತರಕಾರ ಮುಂದೂಡಲಾರ. ಇಂಥ ಭಾಷೆಯೊಂದು ಅಳಿದರೆ, ಸುವಾರ್ತೆಯನ್ನು ಓದುವ ಒಂದು ಕ್ರಮವೂ ಅದರೊಡನೆ ಅಳಿಯುತ್ತದೆ.

ಇನ್ನು ಶಾಲೆಗಳ ವಿಷಯ. 1930ರಲ್ಲಿ ನೋವಾ ಸ್ಕೋಶಿಯದ ಶುಬೆನಾಕಡಿ ಎಂಬಲ್ಲಿ ವಸತಿ ಶಾಲೆಯೊಂದು ತೆರೆಯಿತು. ಹಣ ಸರಕಾರದ್ದು, ಆಡಳಿತ ಕಥೋಲಿಕ ಧರ್ಮಸಭೆಯದು. ಕೆನಡಾದ ಅಟ್ಲಾಂಟಿಕ್ ತೀರದ ಮೂರು ಸಣ್ಣ ಪ್ರಾಂತಗಳಿಗೆ ಅದೊಂದೇ ಅಂಥ ಶಾಲೆ; ಮಿಕ್‌ಮಾಕ್ ಮತ್ತು ವೊಲಸ್ತೊಕ್ವಿಯಿಕ್ ಮಕ್ಕಳನ್ನು ಅಲ್ಲಿಗೆ ಒಯ್ಯಲಾಯಿತು. 1967ರಲ್ಲಿ ಅದು ಮುಚ್ಚಿತು. ಅಲ್ಲಿ ತಾಯ್ನುಡಿಯನ್ನಾಡಿದ ಮಕ್ಕಳಿಗೆ ಹೊಡೆತ ಬೀಳುತ್ತಿತ್ತು. ಅಲ್ಲಿಯೇ ಬೆಳೆದ ಇಸಬೆಲ್ ನಾಕ್‌ವುಡ್ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಮ್ಮ ಮತ್ತು ಸಂಗಡಿಗರ ಅನುಭವಗಳನ್ನು ಬರೆದಿದ್ದಾರೆ. ಮನೆಯಲ್ಲಿಯೇ ಉಳಿದ ಅನೇಕ ಮಕ್ಕಳಿಗೆ ಮೀಸಲು ಪ್ರದೇಶಗಳೊಳಗಿನ ಹಗಲು ಶಾಲೆಗಳಿದ್ದವು. ಅಲ್ಲಿಯೂ ಕಲಿಕೆಯ ಭಾಷೆ ಇಂಗ್ಲಿಷೇ ಆಗಿತ್ತು.

ಭಾಷೆಯ ಕುಸಿತಕ್ಕೆ ಶಾಲೆಯೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ನೆಲ ಹೋಯಿತು, ನದಿಗೆ ಅಣೆಕಟ್ಟುಗಳು ಬಂದವು, ಕೂಲಿಗಾಗಿ ಜನ ಪಟ್ಟಣ ಸೇರಿದರು, ರೇಡಿಯೋ ಮತ್ತು ದೂರದರ್ಶನ ಮನೆಯೊಳಗೆ ಬಂದವು. ಇವೆಲ್ಲ ಭಾಷೆಯನ್ನು ಸವೆಸುತ್ತವೆ. ಶಾಲೆ ಮಾಡಿದ ಕೆಲಸ ಬೇರೆ: ಅದು ಭಾಷೆಗೆ ನಾಚಿಕೆಯನ್ನು ಅಂಟಿಸಿತು. ಪೆಟ್ಟು ತಿಂದ ಮಗು ತಾಯಿಯಾದಾಗ, ತನ್ನ ಮಗುವಿಗೆ ಆ ಪೆಟ್ಟು ಬೀಳದಿರಲೆಂದು ಇಂಗ್ಲಿಷಿನಲ್ಲಿ ಜೋಗುಳ ಹಾಡಿದಳು. ಪ್ರೀತಿಯಿಂದಲೇ ಭಾಷೆಯನ್ನು ಬಚ್ಚಿಡುವಂತಾದದ್ದು ಆ ಶಾಲೆಗಳು ಮಾಡಿದ ಅತ್ಯಂತ ಆಳವಾದ ಗಾಯವೆಂದು ನಾವು ಭಾವಿಸುತ್ತೇವೆ. ಶಿಲುಬೆಯನ್ನು ತೂಗುಹಾಕಿದ ಗೋಡೆಯ ಕೆಳಗೆ ಅದು ನಡೆಯಿತು.

ಆ ಶಾಲೆ ತೆರೆಯುವುದಕ್ಕೆ ಮೊದಲೇ ಇನ್ನೊಂದು ಬಗೆಯ ಜನ ಅಲ್ಲಿಗೆ ಬಂದು ಹೋಗಿದ್ದರು. 1890ರ ಮಾರ್ಚ್ ತಿಂಗಳಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ಅಮೆರಿಕನ್ ವಿದ್ವಾಂಸರು ಎಡಿಸನ್ ಯಂತ್ರವನ್ನು ಹೊತ್ತು ಮೇಯ್ನ್ ರಾಜ್ಯದ ಕ್ಯಾಲೆಸ್ ಪಟ್ಟಣಕ್ಕೆ ಹೋಗಿ ಪಾಸಮಕ್ವಾಡಿ ಜನರ ಹಾಡುಗಳನ್ನೂ ಕಥೆಗಳನ್ನೂ ಮೇಣದ ಉರುಳೆಗಳ ಮೇಲೆ ಮುದ್ರಿಸಿಕೊಂಡರು. ಒಂದು ಜನಸಮುದಾಯದ ನಡುವೆಯೇ ಹೋಗಿ ಧ್ವನಿಮುದ್ರಣ ಮಾಡಿದ ಮೊದಲ ಪ್ರಯತ್ನವೆಂದು ಅದು ಪ್ರಸಿದ್ಧವಾಗಿದೆ. ಪಾಸಮಕ್ವಾಡಿ ಮತ್ತು ವೊಲಸ್ತೊಕ್ವೆಯ್ ಒಂದೇ ಭಾಷೆಯ ಎರಡು ರೂಪಗಳು. ನಡುವೆ ಬಂದ ಗಡಿರೇಖೆ ಎರಡು ಸರಕಾರಗಳು ಎಳೆದದ್ದು. ಬಳಿಕ 1907ರಿಂದ 1914ರವರೆಗಿನ ಅವಧಿಯಲ್ಲಿ ವಿಲಿಯಂ ಮೆಕ್ಲಿಂಗ್ ಎಂಬ ಮಾನವಶಾಸ್ತ್ರಜ್ಞರು ವೊಲಸ್ತೊಕ್ವಿಯಿಕ್ ಜನರ ಹಾಡುಗಳನ್ನು ಅದೇ ರೀತಿ ಸಂಗ್ರಹಿಸಿದರು. ಹಾಡಿದವರಲ್ಲಿ ಜಿಮ್ ಪಾಲ್ ಎಂಬವರ ಹೆಸರು ಉಳಿದಿದೆ.

ಉರುಳೆಯೊಂದರಲ್ಲಿ ಎರಡು ಮೂರು ನಿಮಿಷಗಳ ದನಿಗೆ ಮಾತ್ರ ಜಾಗ. ತುತ್ತೂರಿಯಂಥ ಕೊಳವೆಯೊಳಗೆ ಹಾಡಬೇಕು. ಸೂಜಿ ಮೇಣವನ್ನು ಕೊರೆಯುತ್ತದೆ. ಕೇಳಿದಷ್ಟು ಬಾರಿ ಮೇಣ ಸವೆಯುತ್ತದೆ. ಆದ್ದರಿಂದ ಉಳಿಸಬೇಕಾದರೆ ಕೇಳದೆ ಇಡಬೇಕು. ಬಾಬಿಲೋನಿನ ನದಿಗಳ ಬಳಿ ಸೆರೆಯಾಳುಗಳನ್ನು ಹಾಡಿರೆಂದು ಕೇಳಿದ 137ನೆಯ ಕೀರ್ತನೆ ಇಲ್ಲಿ ನಮಗೆ ನೆನಪಾಗುತ್ತದೆ. ಇಲ್ಲಿ ಹಾಡಿದವರು ಸೆರೆಹೋಗಿರಲಿಲ್ಲ, ತಮ್ಮದೇ ನದಿಯ ದಡದಲ್ಲಿದ್ದರು. ಪರದೇಶವೇ ಅವರಿದ್ದಲ್ಲಿಗೆ ಬಂದಿತ್ತು. ಅವರು ಹಾಡಿದರು. ಈ ಜನ ಬೇಗನೆ ಅಳಿಯುತ್ತಾರೆ, ಅದಕ್ಕೆ ಮೊದಲು ಹಾಡುಗಳನ್ನು ಹಿಡಿದಿಡಬೇಕು ಎಂಬುದು ಆ ಕಾಲದ ವಿದ್ವಾಂಸರ ಸಾಮಾನ್ಯ ನಂಬಿಕೆಯಾಗಿತ್ತು. ಉರುಳೆಗಳು ಒಟ್ಟಾವ ಕಡೆಯ ಸಂಗ್ರಹಕ್ಕೆ ಹೋದವು, ಈಗ ಅವು ಗ್ಯಾಟಿನೋ ನಗರದ ಕೆನಡಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿವೆ. ಹಾಡಿದವರ ಊರುಗಳಿಗೆ ಆ ದನಿ ಮರಳುವುದಕ್ಕೆ ಸುಮಾರು ನೂರು ವರ್ಷ ಬೇಕಾಯಿತು.

ಡಚರ್ ಅವರಿಗೆ ಈ ಸಂಗ್ರಹದ ವಿಷಯವನ್ನು ತಿಳಿಸಿದವರು ಮ್ಯಾಗಿ ಪಾಲ್ ಎಂಬ ಹಿರಿಯ ಹಾಡುಗಾರ್ತಿ. ಪಾಸಮಕ್ವಾಡಿ ಜನರಲ್ಲಿ ಹುಟ್ಟಿ ವೊಲಸ್ತೊಕ್ ನದಿಯ ದಡದಲ್ಲಿ ನೆಲೆಸಿದ ಆ ತಾಯಿ, ಹಳೆಯ ಹಾಡುಗಳನ್ನು ಸಮುದಾಯದೊಳಗೆ ಮತ್ತೆ ಬಳಕೆಗೆ ತಂದವರಲ್ಲಿ ಪ್ರಮುಖರು. ಹೋಗಿ ಕೇಳು ಎಂದು ಅವರು ಕಳುಹಿಸಿದರು. ಡಚರ್ ಹೋದರು. ತಮ್ಮ ಪೂರ್ವಿಕರ ದನಿಯನ್ನು ಕಿವಿಗೆ ಹಚ್ಚಿಕೊಂಡು ಕುಳಿತು, ಗರಗರ ಸದ್ದಿನ ಹಿಂದಿನ ರಾಗವನ್ನೂ ಪದಗಳನ್ನೂ ಬರೆದುಕೊಂಡರು; ಅರ್ಥವಾಗದ ಕಡೆ ಹಿರಿಯರನ್ನು ಕೇಳಿದರು. ಈ ಕೆಲಸ ವರ್ಷಗಳ ಕಾಲ ನಡೆಯಿತು. ವ್ಯಾಪಾರದ ಹಾಡು, ನಾಯಕನ ಪಟ್ಟದ ಹಾಡು, ದೋಣಿಯ ಹಾಡು, ಸತ್ತವರಿಗಾಗಿ ಹಾಡುವ ಹಾಡು, ಹೀಗೆ ಜನರ ಬಾಳಿನ ಒಂದೊಂದು ಸಂದರ್ಭಕ್ಕೆ ಒಂದೊಂದು. ಸಂಪುಟದ ಕೆಲವು ಕಡೆಗಳಲ್ಲಿ ಮೇಣದ ಮೇಲಿನ ಮುದುಕನ ದನಿ ಕೇಳಿಬರುತ್ತದೆ. ಪಿಯಾನೋ ಮತ್ತು ತಂತಿವಾದ್ಯಗಳ ನಡುವೆ ಡಚರ್ ಅದಕ್ಕೆ ದನಿಗೂಡಿಸುತ್ತಾರೆ. ಇಬ್ಬರ ನಡುವೆ ಒಂದು ಶತಮಾನವಿದೆ.

ಹಾಡುಗಳೆಲ್ಲವೂ ವೊಲಸ್ತೊಕ್ವೆಯ್ ಭಾಷೆಯಲ್ಲಿಯೇ ಇವೆ. ನಾವು ಅದನ್ನು ಅರ್ಥವಿಲ್ಲದೆಯೇ ಕೇಳಿದೆವು. ಹೊರಗಿನವರಾಗಿ ಕೇಳುವ ಆ ಅನುಭವವೇ ನಮಗೆ ಒಂದು ಪಾಠವಾಯಿತು. ಮೊದಲು ನಮಗೂ ಒಂದು ಸಂಶಯವಿತ್ತು: ಪಿಯಾನೋ, ಆಪೆರಾ ಕಂಠ, ಇವೆಲ್ಲ ಯುರೋಪಿನವಲ್ಲವೇ, ಇದರಿಂದ ಮೂಲದ ಹಾಡು ಮರೆಯಾಗದೆ? ಆದರೆ ಕಿಟ್ಟೆಲರ ಉದಾಹರಣೆಯನ್ನು ನೆನೆದಾಗ ಸಂಶಯ ಸಡಿಲಿತು. ಅವರು 1862ರ ತಮ್ಮ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ತಂದರು, ಹೊರಗಿನವರು ಒಳಗಿನ ರೂಪವನ್ನು ಬೇಡಿ ಪಡೆದರು. ಡಚರ್ ಒಳಗಿನವರು, ಹೊರಗಿನ ರೂಪವನ್ನು ತಮ್ಮ ಕೆಲಸಕ್ಕೆ ಹಚ್ಚಿದವರು. ಯಾರು ಯಾರ ರೂಪವನ್ನು ಯಾರ ಸಲುವಾಗಿ ಬಳಸುತ್ತಾರೆ ಎಂಬುದನ್ನು ನೋಡದೆ ರೂಪವೊಂದನ್ನೇ ದೂಷಿಸುವುದು ಸರಿಯಲ್ಲ. ನಮ್ಮ ಆರಾಧನೆಗಳಲ್ಲಿ ಇಂದಿಗೂ ಜರ್ಮನ್ ಮತ್ತು ಇಂಗ್ಲಿಷ್ ರಾಗಗಳಿಗೆ ಕನ್ನಡದ ಪದಗಳನ್ನು ಎಳೆದು ಕೂರಿಸಿ ಹಾಡುವ ನಾವು ಈ ವಿಷಯದಲ್ಲಿ ತೀರ್ಪು ಕೊಡಲು ಅವಸರಿಸದಿರುವುದೇ ಲೇಸು.

2023ರಲ್ಲಿ ಬಂದ ಎರಡನೆಯ ಸಂಪುಟದ ಹೆಸರು ‘ಮೊತೆವೊಲೊನುವೊಕ್’. ಅಸಾಧಾರಣ ಆತ್ಮಶಕ್ತಿಯುಳ್ಳವರು ಎಂದು ಅರ್ಥ. ಅಂಥವರನ್ನೇ ಹಳೆಯ ಫ್ರೆಂಚ್ ಮಿಷನ್ ವರದಿಗಳು ಮಾಟಗಾರರೆಂದೂ ಕಣ್ಕಟ್ಟಿನವರೆಂದೂ ಕರೆದಿದ್ದವು. ಈ ಸಂಪುಟದಲ್ಲಿ ಇಂಗ್ಲಿಷ್ ಹಾಡುಗಳೂ ಸೇರಿವೆ. ಇದಕ್ಕೆ 2024ರಲ್ಲಿ ಅದೇ ಪೊಲಾರಿಸ್ ಪ್ರಶಸ್ತಿ ಬಂದಿತು. ಅದನ್ನು ಎರಡು ಬಾರಿ ಪಡೆದ ಮೊದಲಿಗರು ಅವರೇ. ಮೊತೆವೊಲೊನ್ ಎಂಬ ಪದ ದೇವಶಾಸ್ತ್ರದ ವಿದ್ಯಾರ್ಥಿಗೆ ಅನಾನುಕೂಲವಾಗಬಹುದು. ಆಗಲಿ. ಯಾವ ಪದವನ್ನು ಪವಿತ್ರವೆಂದು ಎತ್ತಿಕೊಂಡೆವು, ಯಾವುದನ್ನು ಸೈತಾನನದೆಂದು ಬಿಸುಟೆವು ಎಂಬ ಲೆಕ್ಕ ಎಲ್ಲ ಮಿಷನ್ ನಿಘಂಟುಗಳಲ್ಲಿಯೂ ಅಡಗಿದೆ; ನಮ್ಮ ತುಳುನಾಡಿನ ‘ಭೂತ’ ಎಂಬ ಪದದ ಗತಿಯನ್ನು ನೆನೆದರೆ ಸಾಕು.

ಗಡಿಯ ಆಚೆಗೆ ಫ್ಯೂಕ್ಸರ ಉರುಳೆಗಳ ಕಥೆಯೂ ಹೀಗೆಯೇ ಮುಂದುವರಿದಿದೆ. ಹಾರ್ವರ್ಡಿನಿಂದ ಅವು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಬಂದಿದ್ದವು. ಇತ್ತೀಚಿನ ವರ್ಷಗಳಲ್ಲಿ ಅವುಗಳ ದನಿಯನ್ನು ಶುದ್ಧಗೊಳಿಸಿ ಪಾಸಮಕ್ವಾಡಿ ಸಮುದಾಯಕ್ಕೆ ಒಪ್ಪಿಸಲಾಗಿದೆ. ಡ್ವೇಯ್ನ್ ಟೋಮಾ ಎಂಬ ಭಾಷಾ ಶಿಕ್ಷಕರು ಆ ಹಾಡುಗಳನ್ನು ಬಿಡಿಸಿ ಬರೆದು, ಕಲಿತು, ಜನರ ನಡುವೆ ಹಾಡುತ್ತಿದ್ದಾರೆ. ಯಾವ ಹಾಡನ್ನು ಹೊರಗಿನವರು ಕೇಳಬಹುದು, ಯಾವುದು ಮನೆಯವರಿಗೆ ಮಾತ್ರ ಎಂಬುದನ್ನು ಸಮುದಾಯವೇ ನಿರ್ಧರಿಸುತ್ತದೆ. ನಿಲುನ್ ಮತ್ತು ಕಿಲುನ್‌ಗಳ ಭೇದವನ್ನು ಬಲ್ಲ ಜನರಿಗೆ ಇದು ಸಹಜವಾದ ಏರ್ಪಾಡು.

ಹಾಡೊಂದರಿಂದಲೇ ಭಾಷೆ ಬದುಕುವುದೆಂದು ಯಾರೂ ನಂಬಬೇಕಾಗಿಲ್ಲ. ವೇದಿಕೆಯ ಮೇಲೆ ಹಾಡಿದ ಪದ ಅಡಿಗೆಮನೆಯಲ್ಲಿ ಆಡದಿದ್ದರೆ ಅದು ಇನ್ನೊಂದು ಬಗೆಯ ಮೇಣವಾಗುತ್ತದೆ. ಈ ಮಾತನ್ನು ಡಚರ್ ಅವರ ಮನೆಯೇ ಬಲ್ಲದು. ಅವರ ತಾಯಿ ಲಿಸಾ ಪರ್ಲಿ-ಡಚರ್ ವೃತ್ತಿಯಿಂದ ದಾದಿ, ಆ ಭಾಷೆಯನ್ನು ಆಡಬಲ್ಲವರು. 2022ರಲ್ಲಿ ಫ್ರೆಡೆರಿಕ್ಟನ್ ನಗರದಲ್ಲಿ ಆರಂಭವಾದ, ಎಲ್ಲವನ್ನೂ ವೊಲಸ್ತೊಕ್ವೆಯ್ ಭಾಷೆಯಲ್ಲಿಯೇ ಕಲಿಸುವ ಮಕ್ಕಳ ಶಾಲೆಯನ್ನು ಕಟ್ಟಿದವರಲ್ಲಿ ಅವರು ಮುಖ್ಯರು. ಶಾಲೆಯ ಹೆಸರು ಕೆಹ್‌ಕಿಮಿನ್. ‘ನನಗೆ ಕಲಿಸು’ ಎಂದರ್ಥ. ನಾಲ್ಕು ನೂರು ವರ್ಷಗಳ ಹಿಂದೆ ಬಿಯಾರ್ ಪಾದ್ರಿ ಆ ತೀರದಲ್ಲಿ ದಿನವೂ ಕೇಳಿಕೊಳ್ಳುತ್ತಿದ್ದದ್ದು ಇದನ್ನೇ. ಅವರ ನಂತರ ಬಂದವರು ಕೇಳುವುದನ್ನು ಬಿಟ್ಟರು.

ಕೆನಡಾದ ಸಭೆಗಳು ಕ್ಷಮೆ ಬೇಡಿವೆ. ಯುನೈಟೆಡ್ ಚರ್ಚ್ 1986ರಲ್ಲಿ, ಆಂಗ್ಲಿಕನ್ ಸಭೆ 1993ರಲ್ಲಿ, ಪ್ರೆಸ್ಬಿಟೇರಿಯನ್ ಸಭೆ 1994ರಲ್ಲಿ ತಪ್ಪೊಪ್ಪಿಕೊಂಡವು. ಪೋಪ್ ಫ್ರಾನ್ಸಿಸ್ 2022ರ ಜುಲೈ 25ರಂದು ಆಲ್ಬರ್ಟಾದ ಮಸ್ಕ್ವಾಚಿಸ್‌ನಲ್ಲಿ ಕ್ಷಮೆ ಯಾಚಿಸಿದರು. ವಸತಿ ಶಾಲೆಗಳನ್ನು ಕುರಿತು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ 94 ಕರೆಗಳನ್ನು ಮುಂದಿಟ್ಟಿತ್ತು. 2019ರಲ್ಲಿ ಅಂಗೀಕಾರವಾದ ಮೂಲನಿವಾಸಿ ಭಾಷೆಗಳ ಕಾನೂನು ಅವುಗಳಲ್ಲಿ ಕೆಲವಕ್ಕೆ ಉತ್ತರವಾಗಿ ಬಂದದ್ದು. ಆದರೆ ಈ ಪತ್ರಿಕೆಯ ವಾಚಕರು ಗಮನಿಸಬೇಕಾದವು 60 ಮತ್ತು 61ನೆಯ ಕರೆಗಳು. ಮೂಲನಿವಾಸಿಗಳ ಆತ್ಮಿಕ ಜೀವನವನ್ನು ಅದರ ಸ್ವಂತ ನೆಲೆಯಲ್ಲಿ ಗೌರವಿಸುವುದನ್ನೂ, ವಸತಿ ಶಾಲೆಗಳ ಚರಿತ್ರೆಯನ್ನೂ, ಅದರಲ್ಲಿ ಸಭೆಯ ಪಾತ್ರವನ್ನೂ ಸೇವೆಗೆ ಸಿದ್ಧರಾಗುತ್ತಿರುವ ಎಲ್ಲ ವಿದ್ಯಾರ್ಥಿಗಳಿಗೆ ಕಲಿಸುವ ಪಠ್ಯಕ್ರಮವನ್ನು ದೇವಶಾಸ್ತ್ರದ ಕಾಲೇಜುಗಳೂ ಸೆಮಿನರಿಗಳೂ ಜೊತೆಗೂಡಿ ರಚಿಸಬೇಕೆಂದು 60ನೆಯದು ಕೇಳುತ್ತದೆ. ಸಮುದಾಯಗಳ ಸಂಸ್ಕೃತಿ ಮತ್ತು ಭಾಷೆಯ ಪುನರುಜ್ಜೀವನಕ್ಕೆ ಸಭೆಗಳು ಶಾಶ್ವತ ನಿಧಿ ಒದಗಿಸಬೇಕೆಂದು 61ನೆಯದು ಕೇಳುತ್ತದೆ. ನಮ್ಮ ಪಠ್ಯಪಟ್ಟಿಯ ಮಿಷನ್ ಚರಿತ್ರೆಯ ಭಾಗದಲ್ಲಿ ರ‍್ಯಾಂಡ್‌ರಂಥವರ ಭಾಷಾಂತರಗಳಿಗೆ ಸ್ಥಳವಿದೆ. ಶುಬೆನಾಕಡಿಗೆ ಇನ್ನೂ ಸ್ಥಳವಿಲ್ಲ. ಮುಂದಿನ ಬಾರಿ ಆ ಪಟ್ಟಿಯನ್ನು ಪರಿಷ್ಕರಿಸಲು ಕೂರುವಾಗ ಎರಡನ್ನೂ ಒಂದೇ ವಾರದ ಪಾಠವಾಗಿ ಇಡಬೇಕೆಂದೂ, ಆ ವಾರ ತರಗತಿಯಲ್ಲಿ ಮೊದಲು ಜಿಮ್ ಪಾಲರ ದನಿಯನ್ನು, ಅರ್ಥ ಹೇಳದೆ, ಕೇಳಿಸಬೇಕೆಂದೂ ನಾವು ಸೂಚಿಸುತ್ತೇವೆ.